₹4,650ರ ಮೈಕ್ರೋಸ್ಕೋಪ್, ಮೂರು ಬಾಟಲಿ ಹುಲ್ಲಿನ ನೀರು, ಮತ್ತೆ ಮೊದಲ ಜೀವ ಎಲ್ಲಿಂದ ಬಂತು ಅನ್ನುವ ನಮ್ಮ ಮನೆಯ ವಾದ

ಮೈಕ್ರೋಸ್ಕೋಪ್ ಮನೆಗೆ ಬಂದು ಮೂರು ತಿಂಗಳಾಯಿತು. ತರಿಸುವ ಮೊದಲು ಯಾರಾದರೂ ಬಳಸಿ ನೋಡಿ ಕನ್ನಡದಲ್ಲಿ ಬರೆದಿದ್ದಾರಾ ಅಂತ ತುಂಬಾ ಹುಡುಕಿದ್ದೆ, ನನಗೆ ಬೇಕಾದ ಹಾಗೆ ಸಿಗಲಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಯಾಕೆಂದರೆ ಇದನ್ನು ತರಿಸಿದ್ದೇ ಮನೆಯ ಒಂದು ವಾದಕ್ಕಾಗಿ. ಆ ವಾದ ಬಿಟ್ಟು ಬರೀ ಲೆನ್ಸ್ ಬಗ್ಗೆ ಬರೆದರೆ, ಕೊಟ್ಟ ದುಡ್ಡಿಗೆ ಇದು ನಮಗೆ ಏನು ಕೊಟ್ಟಿತು ಅನ್ನೋದು ಹೇಳಿದ ಹಾಗಾಗುವುದಿಲ್ಲ.

ಶುರುವಾದದ್ದು ಅಕ್ಕಿ ಡಬ್ಬಿಯಿಂದ. ಮಳೆಗಾಲ, ಅಕ್ಕಿಗೆ ಹುಳ ಬಿದ್ದಿತ್ತು. ಅತ್ತೆ ಮೊರದಲ್ಲಿ ಹಾಕಿಕೊಂಡು ಕೇರುತ್ತಾ, "ಮುಚ್ಚಿಟ್ಟ ಡಬ್ಬಿಗೆ ಇದು ಎಲ್ಲಿಂದ ಬರುತ್ತೆ, ತಾನಾಗೇ ಹುಟ್ಟುತ್ತೆ ಕಣೇ" ಅಂದರು. ಒಂಬತ್ತನೇ ಕ್ಲಾಸಿನ ಮಗಳು ತಕ್ಷಣ, "ಅಜ್ಜಿ, ತಾನಾಗೇ ಯಾವ ಜೀವಾನೂ ಹುಟ್ಟಲ್ಲ" ಅಂದಳು. ಅಲ್ಲೇ ಪೇಪರ್ ಓದುತ್ತಿದ್ದ ಮಾವ ತಲೆ ಎತ್ತಿದರು. "ಹಾಗಾದ್ರೆ ಮೊಟ್ಟಮೊದಲನೇ ಜೀವ ಹೇಗೆ ಬಂತು ಪುಟ್ಟಿ? ತಾನಾಗೇ ಹುಟ್ಟಲ್ಲ ಅಂತ ನೀನೇ ಹೇಳಿದ್ಯಲ್ಲ."

ಮಾವ ರಿಟೈರ್ ಆದ ಹೈಸ್ಕೂಲ್ ಕನ್ನಡ ಮೇಷ್ಟ್ರು. ದಿನಾ ಪೂಜೆ ಮಾಡುವವರು, ದಿನಾ ಎರಡು ಪೇಪರ್ ಪೂರ್ತಿ ಓದುವವರು. ಅವರ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಅವತ್ತಿನಿಂದ ರಾತ್ರಿ ಊಟ ಆದ ಮೇಲೆ ಇದೇ ಮಾತು. ಪಾಶ್ಚರ್‌ನಂಥ ದೊಡ್ಡ ವಿಜ್ಞಾನಿಯೇ ಜೀವ ಜೀವದಿಂದ ಮಾತ್ರ ಬರುತ್ತೆ ಅಂತ ತೋರಿಸಿದ್ದಾನೆ, ಹಾಗಾಗಿ ಮೊದಲನೇ ಜೀವವನ್ನು ಇಟ್ಟವನು ದೇವರೇ ಅಂತ ಮಾವ. ವಾಟ್ಸಾಪ್‌ನಲ್ಲಿ ಅವರಿಗೆ ಬಂದ ಒಂದು ವಿಡಿಯೊ ಕೂಡ ಇದನ್ನೇ ಹೇಳುತ್ತಿತ್ತು. ಅಮೆರಿಕದ ವಿಜ್ಞಾನಿ ಮಿಲ್ಲರ್ 1953ರಲ್ಲೇ ಲ್ಯಾಬ್‌ನಲ್ಲಿ ಜೀವ ಮಾಡಿ ತೋರಿಸಿಯಾಗಿದೆ, ದೇವರು ಯಾಕೆ ಬೇಕು ಅಂತ ಮಗಳು. ಇಬ್ಬರದೂ ಗಟ್ಟಿ ದನಿ. ನಾನು ಕೂತು ಓದಿದೆ. ಇಬ್ಬರೂ ಇಲ್ಲದ ಸಾಕ್ಷಿ ಹೇಳುತ್ತಿದ್ದಾರೆ ಅಂತ ಗೊತ್ತಾಯಿತು. ಪಾಶ್ಚರ್ ಅಷ್ಟು ದೊಡ್ಡ ಮಾತನ್ನು ಸಾಬೀತು ಮಾಡಿರಲಿಲ್ಲ. ಮಿಲ್ಲರ್ ಜೀವ ಮಾಡಿರಲಿಲ್ಲ. ನಾನು ಬಾಯಲ್ಲಿ ಹೇಳಿದರೆ ಮೂರನೇ ದನಿ ಸೇರುತ್ತಿತ್ತು ಅಷ್ಟೇ. ಪಾಶ್ಚರ್ ಮಾಡಿದ್ದನ್ನು ಅಡುಗೆಮನೆಯಲ್ಲಿ ಮಾಡಿ ಕಣ್ಣಿಗೇ ತೋರಿಸೋಣ ಅಂತ ಮೈಕ್ರೋಸ್ಕೋಪ್ ಆರ್ಡರ್ ಮಾಡಿದೆ.

ಈಗ ಸಾಮಾನಿನ ಬಗ್ಗೆ. ಆನ್‌ಲೈನ್‌ನಲ್ಲಿ ₹4,650 ಕೊಟ್ಟೆ. ಹರಿಯಾಣದ ಅಂಬಾಲಾದಲ್ಲಿ ತಯಾರಾದದ್ದು. ನಮ್ಮ ಸ್ಕೂಲ್ ಲ್ಯಾಬ್‌ಗಳ ಸಾಮಾನು ಬಹಳಷ್ಟು ಬರುವುದು ಅಲ್ಲಿಂದಲೇ. ಕಂಪನಿ ಹೆಸರು ಬರೆಯುವುದಿಲ್ಲ. ಇದೇ ಅಚ್ಚಿನ ಮಾಲು ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ಹಾಗಾಗಿ ನಾನು ಹೇಳುವುದನ್ನು ನೋಡಿಕೊಂಡು ಯಾವುದನ್ನಾದರೂ ಪರೀಕ್ಷೆ ಮಾಡಿ ತಗೊಳ್ಳಿ.

ಮೈ ಲೋಹದ್ದು, ಎತ್ತಿದರೆ ಭಾರ ಇದೆ, ಅದು ಒಳ್ಳೆಯದು. ಟೇಬಲ್ ಅಲ್ಲಾಡಿದರೂ ಚಿತ್ರ ಕುಣಿಯುವುದಿಲ್ಲ. ಕಣ್ಣಿಡುವ ಐಪೀಸ್ 10 ಪಟ್ಟಿನದು, ಕೆಳಗೆ ತಿರುಗಿಸುವ ಲೆನ್ಸ್ ಮೂರು: 4, 10, 40. ಅಂದರೆ 40, 100, 400 ಪಟ್ಟು ದೊಡ್ಡದಾಗಿ ಕಾಣುತ್ತದೆ. ಜಾಹೀರಾತುಗಳಲ್ಲಿ 1500 ಪಟ್ಟು ಅಂತ ಇರುವುದನ್ನು ನೋಡಿ ಮರುಳಾಗಬೇಡಿ. ಅಷ್ಟಕ್ಕೆ 100ರ ಲೆನ್ಸ್ ಬೇಕು, ಆ ಲೆನ್ಸಿಗೂ ಸ್ಲೈಡಿಗೂ ನಡುವೆ ಒಂದು ಹನಿ ಎಣ್ಣೆ ಬೇಕು, ಕೆಳಗಿನಿಂದ ಬೆಳಕು ಚೆನ್ನಾಗಿರಬೇಕು. ಮನೆಗೆ 400 ಸಾಕು. ಬ್ಯಾಕ್ಟೀರಿಯಾ ಸಣ್ಣ ಗೀಟಿನ ಹಾಗೆ ಕಾಣುತ್ತದೆ, ಕೆರೆ ನೀರಿನ ಜೀವಿಗಳು 100ರಲ್ಲೇ ಚೆನ್ನಾಗಿ ಕಾಣುತ್ತವೆ. ಎಲ್‌ಇಡಿ ದೀಪ ಚಾರ್ಜ್ ಮಾಡುವಂಥದ್ದು, ಕರೆಂಟ್ ಹೋದರೂ ನಡೆಯುತ್ತದೆ.

ದೋಷಗಳೂ ಇವೆ. ದಪ್ಪ ಫೋಕಸ್ ತಿರುಪು ಸಡಿಲ. ಫೋಕಸ್ ಮಾಡಿ ಕೈ ಬಿಟ್ಟರೆ ಒಂದು ನಿಮಿಷದಲ್ಲಿ ನಿಧಾನಕ್ಕೆ ಜಾರಿ ಚಿತ್ರ ಮಸುಕಾಗುತ್ತಿತ್ತು. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಕೊನೆಗೆ ತಿರುಪಿನ ಒಳಗಿರುವ ಬಳೆಯಂಥ ಭಾಗವನ್ನು ನನ್ನ ಗಂಡ ಬಿಗಿ ಮಾಡಿದ ಮೇಲೆ ಸರಿಹೋಯಿತು. ಸ್ಲೈಡ್ ಹಿಡಿಯುವ ಕ್ಲಿಪ್ ಎರಡರಲ್ಲಿ ಒಂದು ಬಂದಾಗಲೇ ಸೊಟ್ಟಗಿತ್ತು. ಸೊಟ್ಟ ಕ್ಲಿಪ್‌ನ ಕೆಳಗೆ ಓಡುವ ಜೀವಿಯನ್ನು ಹಿಂಬಾಲಿಸಿ ಸ್ಲೈಡ್ ಸರಿಸೋದು ಕಷ್ಟ. ಸ್ವಲ್ಪ ಜಾಸ್ತಿ ದುಡ್ಡು ಹಾಕುವ ಹಾಗಿದ್ದರೆ, ತಿರುಪಿನಿಂದ ಸ್ಲೈಡ್ ಸರಿಸುವ ವ್ಯವಸ್ಥೆ ಇರುವುದನ್ನೇ ತಗೊಳ್ಳಿ. 40ರ ಲೆನ್ಸ್ ಸ್ಲೈಡಿಗೆ ತುಂಬಾ ಹತ್ತಿರ ಬರುತ್ತದೆ. ಮೊದಲ ವಾರ ನಾವು ಆರು ಕವರ್ ಸ್ಲಿಪ್ (ಸ್ಲೈಡಿನ ಮೇಲಿಡುವ ತೆಳು ಗಾಜು) ಒಡೆದೆವು. ದಪ್ಪ ತಿರುಪನ್ನು ಕಣ್ಣಿಟ್ಟುಕೊಂಡು ಯಾವತ್ತೂ ಕೆಳಗಿಳಿಸಬಾರದು. ಪಕ್ಕದಿಂದ ನೋಡುತ್ತಾ ಹತ್ತಿರ ತಂದು, ಆಮೇಲೆ ಕಣ್ಣಿಟ್ಟು ದೂರ ಸರಿಸುತ್ತಾ ಫೋಕಸ್ ಹುಡುಕಬೇಕು. ಇದು ಬಂದರೆ ಅರ್ಧ ಕೆಲಸ ಬಂದ ಹಾಗೆ.

ಮೊದಲು ನೋಡಿದ್ದು ಅಕ್ಕಿಯನ್ನೇ. ಅಕ್ಕಿ ಕಾಳಿನ ಮೂಲಕ ಬೆಳಕು ಹಾಯುವುದಿಲ್ಲ, ಹಾಗಾಗಿ 4ರ ಲೆನ್ಸ್ ಇಟ್ಟು ಮೇಲಿನಿಂದ ಮೊಬೈಲ್ ಟಾರ್ಚ್ ಹಿಡಿದೆವು. ಅಕ್ಕಿ ಹುಳಕ್ಕೆ ಮುಂದೆ ಆನೆ ಸೊಂಡಿಲಿನಂಥ ಮೂತಿ ಇದೆ. ಹೆಣ್ಣು ಹುಳ ಆ ಮೂತಿಯಿಂದ ಕಾಳಿಗೆ ಸಣ್ಣ ಗುಳಿ ತೋಡಿ, ಒಳಗೆ ಒಂದು ಮೊಟ್ಟೆ ಇಟ್ಟು, ಅಂಟಿನಂಥ ಬಿರಡೆ ಹಾಕಿ ಮುಚ್ಚಿಬಿಡುತ್ತದೆ. ಆ ಬಿರಡೆ ಬರಿಗಣ್ಣಿಗೆ ಕಾಣುವುದೇ ಇಲ್ಲ. ನಾವು ಅನುಮಾನ ಬಂದ ಹತ್ತು ಹನ್ನೆರಡು ಕಾಳನ್ನು ಬ್ಲೇಡಿನಿಂದ ಸೀಳಿದೆವು. ಒಂದರೊಳಗೆ ಕಾಲಿಲ್ಲದ ಬಿಳಿ ಮರಿ, ಬೆನ್ನು ಬಾಗಿಸಿಕೊಂಡು ಮಲಗಿತ್ತು, ಸುತ್ತ ಅದೇ ತಿಂದು ಮಾಡಿದ ಅಕ್ಕಿ ಪುಡಿ. ಅತ್ತೆ ಕನ್ನಡಕ ತೆಗೆದು ಐಪೀಸಿಗೆ ಕಣ್ಣಿಟ್ಟು ತುಂಬಾ ಹೊತ್ತು ನೋಡಿದರು. "ಅಯ್ಯೋ, ತೊಟ್ಟಿಲಲ್ಲಿ ಮಲಗಿದ ಹಾಗಿದೆ" ಅಂದರು. ನಲವತ್ತೈದು ವರ್ಷದಿಂದ ಅಕ್ಕಿ ಕೇರುತ್ತಿದ್ದವರು ಅವರು, ಹುಳ ಹೇಗೆ ಬರುತ್ತೆ ಅಂತ ನೋಡಿದ್ದು ಅವತ್ತೇ.

ಮಾವ ಆಗ ಒಂದು ಒಳ್ಳೆಯ ಮಾತು ನೆನಪಿಸಿದರು. ನಮ್ಮ ಹಿರಿಯರು ಜೀವಿಗಳನ್ನು ನಾಲ್ಕು ಮಾಡಿದ್ದರು: ಗರ್ಭದಿಂದ ಬರುವ ಜರಾಯುಜ, ಮೊಟ್ಟೆಯಿಂದ ಬರುವ ಅಂಡಜ, ನೆಲ ಸೀಳಿ ಬರುವ ಉದ್ಭಿಜ್ಜ, ಬೆವರು ಮತ್ತೆ ಕಾವಿನಿಂದ ಬರುವ ಸ್ವೇದಜ. ಹೇನು, ತಿಗಣೆ, ಹುಳಹುಪ್ಪಟೆ ಸ್ವೇದಜ. "ಅವರಿಗೆ ಮೊಟ್ಟೆ ಕಾಣಿಸಿರಲಿಲ್ಲ, ಅಷ್ಟೇ" ಅಂದರು ಮಾವ. ಯುರೋಪಿನಲ್ಲೂ ಹೀಗೇ ನಂಬಿದ್ದರು. 1668ರಲ್ಲಿ ಇಟಲಿಯ ರೆಡಿ ಅನ್ನುವ ವಿಜ್ಞಾನಿ ಮಾಂಸದ ಜಾಡಿಗಳಲ್ಲಿ ಕೆಲವಕ್ಕೆ ತೆಳು ಬಟ್ಟೆ ಕಟ್ಟಿ, ನೊಣ ಕೂರದ ಮಾಂಸದಲ್ಲಿ ಹುಳ ಆಗುವುದಿಲ್ಲ ಅಂತ ತೋರಿಸುವ ತನಕ ಇದು ತಪ್ಪು ಅಂತ ಹೆಚ್ಚಿನವರಿಗೆ ಅನ್ನಿಸಿಯೇ ಇರಲಿಲ್ಲ.

ಹುಳದ ಮಾತು ಅಲ್ಲಿಗೆ ಮುಗಿಯಿತು. ಕಣ್ಣಿಗೆ ಕಾಣದ ಜೀವಿಗಳದ್ದು ಮುಗಿದಿರಲಿಲ್ಲ, ಯುರೋಪಿನಲ್ಲೂ ಅದು ಇನ್ನೂ ಇನ್ನೂರು ವರ್ಷ ಎಳೆಯಿತು. ನಮ್ಮ ಬಾಟಲಿಗಳು ಶುರುವಾದದ್ದು ಇಲ್ಲಿ.

ಒಣ ಹುಲ್ಲನ್ನು ಒಂದು ರಾತ್ರಿ ನೆನೆಸಿ, ಆ ನೀರನ್ನು ಬಟ್ಟೆಯಲ್ಲಿ ಸೋಸಿ ಮೂರು ಗಾಜಿನ ಬಾಟಲಿಗೆ ಹಾಕಿದೆವು. ಟೀ ಡಿಕಾಕ್ಷನ್ ತೆಳುವಾದ ಹಾಗೆ ಬಣ್ಣ. ಒಂದನೇ ಬಾಟಲಿ ಹಾಗೇ ತೆರೆದಿಟ್ಟೆವು. ಎರಡನೆಯದಕ್ಕೆ ಹತ್ತಿ ತುರುಕಿ, ಪಾತ್ರೆಯ ನೀರಿನಲ್ಲಿ ನಿಲ್ಲಿಸಿ ಹದಿನೈದು ನಿಮಿಷ ಕುದಿಸಿದೆವು. ಮೂರನೆಯದಕ್ಕೂ ಹತ್ತಿ, ಆದರೆ ಅದನ್ನು ಪ್ರೆಷರ್ ಕುಕ್ಕರ್‌ನಲ್ಲಿಟ್ಟು, ವಿಸಿಲ್ ಬಂದ ಮೇಲೆ ಉರಿ ಸಣ್ಣ ಮಾಡಿ ಅರ್ಧ ಗಂಟೆ ಬಿಟ್ಟೆವು. ಹತ್ತಿ ಯಾಕೆ ಅಂದರೆ ಅದು ಗಾಳಿಯನ್ನು ಬಿಡುತ್ತದೆ, ಧೂಳನ್ನು ತಡೆಯುತ್ತದೆ. ಗಾಳಿಯೇ ಇಲ್ಲದಿದ್ದರೆ ಜೀವ ಹೇಗೆ ಹುಟ್ಟೀತು ಅಂತ ಆಮೇಲೆ ಯಾರೂ ಕೇಳಬಾರದಲ್ಲ. ಪಾಶ್ಚರ್ ಇದಕ್ಕೇ ಹಂಸದ ಕತ್ತಿನ ಹಾಗೆ ಬಾಗಿದ ಗಾಜಿನ ಕೊಳವೆ ಮಾಡಿದ್ದ. ಗಾಳಿ ಒಳಗೆ ಹೋಗುತ್ತದೆ, ಧೂಳು ಬಾಗಿನಲ್ಲೇ ಕೂರುತ್ತದೆ.

ತೆರೆದ ಬಾಟಲಿ ಎರಡನೇ ದಿನಕ್ಕೇ ಮಸುಕಾಗಿ ಮೇಲೆ ಪೊರೆ ಕಟ್ಟಿತು. ನಾಲ್ಕನೇ ದಿನ ಒಂದು ಹನಿ ತೆಗೆದು ನೋಡಿದರೆ ಸಂತೆ ನೆರೆದಿದೆ! ಗೋಡಂಬಿ ಆಕಾರದ ಜೀವಿಗಳು, ಮೈ ತುಂಬಾ ಸಣ್ಣ ರೋಮ, ಗಿರಗಿರ ತಿರುಗಿಕೊಂಡು ಓಡುತ್ತವೆ, ಒಂದಕ್ಕೊಂದು ಡಿಕ್ಕಿ ಹೊಡೆದು ದಾರಿ ಬದಲಿಸುತ್ತವೆ. ಒಣ ಹುಲ್ಲಿನ ಮೇಲೆ ಇವು ಗಟ್ಟಿ ಸಿಪ್ಪೆಯೊಳಗೆ ಸುಮ್ಮನೆ ಮಲಗಿರುತ್ತವೆ, ನೀರು ಸಿಕ್ಕಿದ ತಕ್ಷಣ ಎದ್ದು ಬರುತ್ತವೆ. ಇದೊಂದು ನೋಟಕ್ಕೇ ₹4,650 ಸಾರ್ಥಕ ಅಂತ ನನಗನ್ನಿಸಿತು.

ಆದರೆ ನಮ್ಮನ್ನು ಬೆಚ್ಚಿಬೀಳಿಸಿದ್ದು ಎರಡನೇ ಬಾಟಲಿ. ಕುದಿಸಿದ್ದೇವೆ, ಹತ್ತಿ ಹಾಕಿದ್ದೇವೆ. ಆದರೂ ಮೂರನೇ ದಿನ ಅದೂ ಮಸುಕಾಯಿತು! 400 ಪಟ್ಟಿನಲ್ಲಿ ನೋಡಿದರೆ ಸಣ್ಣ ಸಣ್ಣ ಕಡ್ಡಿಗಳು, ಕೆಲವು ಸರಕ್ಕನೆ ಈಜಿ ಹೋಗುತ್ತಿವೆ. ಅತ್ತೆ, "ನೋಡಿದ್ಯಾ, ತಾನಾಗೇ ಹುಟ್ಟಿತು" ಅಂದರು. ಮಗಳ ಮುಖ ಸಪ್ಪಗಾಯಿತು. ಮಾವ ಏನೂ ಹೇಳಲಿಲ್ಲ, ಮೂರನೇ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅದು ಕನ್ನಡಿಯ ಹಾಗೆ ತಿಳಿಯಾಗಿತ್ತು.

ನಮಗೆ ಗೊತ್ತಿಲ್ಲದೆಯೇ ನಾವು ಫ್ರಾನ್ಸಿನ ಹಳೆಯ ಜಗಳವನ್ನು ಮನೆಯಲ್ಲಿ ಮತ್ತೆ ಆಡಿದ್ದೆವು. ಪಾಶ್ಚರ್‌ಗೆ ಎದುರಾಗಿ ನಿಂತವನು ರೂಆನ್ ಊರಿನ ಮ್ಯೂಸಿಯಂ ನಡೆಸುತ್ತಿದ್ದ ಪೂಶೆ. ಪಾಶ್ಚರ್ 1860ರಲ್ಲಿ ಆಲ್ಪ್ಸ್ ಹಿಮನದಿಯ ಹತ್ತಿರ 20 ಫ್ಲಾಸ್ಕ್ ತೆರೆದು ಮುಚ್ಚಿದ, ಜೀವ ಬೆಳೆದದ್ದು ಒಂದರಲ್ಲಿ ಮಾತ್ರ. ಎತ್ತರದಲ್ಲಿ ಧೂಳು ಕಡಿಮೆ, ಅದಕ್ಕೇ ಜೀವ ಕಡಿಮೆ ಅಂದ. 1863ರಲ್ಲಿ ಪೂಶೆಯೂ ಪಿರನೀಸ್ ಬೆಟ್ಟ ಹತ್ತಿದ, ತನ್ನ ಫ್ಲಾಸ್ಕ್‌ಗಳನ್ನು ತೆರೆದು ಮುಚ್ಚಿದ. ಅವನದ್ದರಲ್ಲೆಲ್ಲ ಜೀವ ಬೆಳೆಯಿತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಪಾಶ್ಚರ್ ಬಳಸಿದ್ದು ಸಕ್ಕರೆ ಹಾಕಿದ ಯೀಸ್ಟ್ ನೀರು, ಪೂಶೆ ಬಳಸಿದ್ದು ಹುಲ್ಲಿನ ನೀರು. ಹುಲ್ಲಿನ ಮೇಲಿರುವ ಒಂದು ಬ್ಯಾಕ್ಟೀರಿಯಾ ಗಟ್ಟಿ ಬೀಜದಂಥ ರೂಪಕ್ಕೆ ಹೋಗುತ್ತದೆ, ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. 1876ರಲ್ಲಿ ಜರ್ಮನಿಯ ವಿಜ್ಞಾನಿ ಫರ್ಡಿನಾಂಡ್ ಕೋನ್ ಇದನ್ನು ಕಂಡುಹಿಡಿದ. 1877ರಲ್ಲಿ ಬ್ರಿಟನ್ನಿನ ವಿಜ್ಞಾನಿ ಟಿಂಡಲ್ ಕೂಡ ಒಣ ಹುಲ್ಲಿನ ಜೊತೆ ಒದ್ದಾಡಿ ಇದೇ ತೀರ್ಮಾನಕ್ಕೆ ಬಂದ. ಕುಕ್ಕರ್‌ನ ಒಳಗೆ ಬಿಸಿ ಸುಮಾರು 120 ಡಿಗ್ರಿ ತನಕ ಹೋಗುತ್ತದೆ, ಆ ಬೀಜವೂ ಬದುಕುವುದಿಲ್ಲ. ಅದಕ್ಕೇ ನಮ್ಮ ಮೂರನೇ ಬಾಟಲಿ ತಿಳಿ. ಪೂಶೆಯ ಪರ್ವತದ ಫ್ಲಾಸ್ಕಿಗೂ ನಮ್ಮ ಅಡುಗೆಮನೆಯ ಎರಡನೇ ಬಾಟಲಿಗೂ ಆದದ್ದು ಒಂದೇ ಅಂತ ತಿಳಿದಾಗ ಮಗಳು ಎದ್ದು ನಿಂತು ಚಪ್ಪಾಳೆ ಹೊಡೆದಳು.

ನನಗೆ ಈ ಕಥೆಯಲ್ಲಿ ಅತಿ ಮುಖ್ಯ ಅನ್ನಿಸಿದ್ದು ಇನ್ನೊಂದು. ದೇವರ ಪರ ಯಾರು, ವಿರುದ್ಧ ಯಾರು ಅನ್ನುವ ಗೆರೆ ಆಗ ಈಗಿನ ಹಾಗೆ ಇರಲಿಲ್ಲ. 1745ರಲ್ಲಿ ಮಾಂಸದ ಸಾರು ಕುದಿಸಿ, ಬಿರಡೆ ಹಾಕಿ, ಜೀವ ತಾನಾಗೇ ಹುಟ್ಟಿತು ಅಂದ ನೀಡಂ ಕ್ಯಾಥೊಲಿಕ್ ಪಾದ್ರಿ. ಆಮೇಲೆ ಜಾಸ್ತಿ ಹೊತ್ತು ಕುದಿಸಿ, ಗಾಜಿನ ಬಾಯಿಯನ್ನೇ ಕರಗಿಸಿ ಮುಚ್ಚಿ, ಇಲ್ಲ ಹುಟ್ಟುವುದಿಲ್ಲ ಅಂದ ಸ್ಪಲಾಂಜಾನಿಯೂ ಪಾದ್ರಿಯೇ. 1864ರಲ್ಲಿ ಪಾಶ್ಚರ್ ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ಭಾಷಣ ಮಾಡುವ ಹೊತ್ತಿಗೆ, ಜೀವ ತಾನಾಗೇ ಹುಟ್ಟುತ್ತೆ ಅನ್ನುವುದು ನಾಸ್ತಿಕರ ಮಾತು ಅನ್ನುವ ಹಾಗೆ ಆಗಿಹೋಗಿತ್ತು. ಅಂದರೆ ಅದೇ ಬಾಟಲಿ, ಅದೇ ಸಾರು, ನೂರು ವರ್ಷದಲ್ಲಿ ಒಂದು ಕಡೆಯವರಿಂದ ಇನ್ನೊಂದು ಕಡೆಯವರ ಕೈಗೆ ಹೋಯಿತು. ಇದನ್ನು ಮಾವನಿಗೆ ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಬಾಟಲಿಗೂ ದೇವರಿಗೂ ಸಂಬಂಧ ಕಟ್ಟಿದ್ದು ಜನ ಕಣಮ್ಮಾ" ಅಂದರು.

ಮಗಳ ಸರದಿ ಬಂದದ್ದು ಹಾಲಿನ ಹನಿಯಲ್ಲಿ. ಹಾಲಿಗೆ ನೀರು ಬೆರೆಸಿ ಒಂದು ಹನಿ ಸ್ಲೈಡಿಗೆ ಹಾಕಿ 400ರಲ್ಲಿ ನೋಡಿ, ಮರೆಯಬೇಡಿ. ಕೊಬ್ಬಿನ ಸಣ್ಣ ಗುಂಡುಗಳು ಇದ್ದಲ್ಲೇ ನಡುಗುತ್ತಾ ಇರುತ್ತವೆ, ಒಂದು ಕ್ಷಣವೂ ನಿಲ್ಲುವುದಿಲ್ಲ. ಮಗಳು "ಜೀವ ಇದೆ!" ಅಂತ ಕೂಗಿದಳು. ಇಲ್ಲ. ನೀರಿನ ಕಣಗಳು ಎಲ್ಲಾ ಕಡೆಯಿಂದ ಗುದ್ದುವುದರಿಂದ ಆಗುವ ನಡುಕ ಅದು. 1827ರಲ್ಲಿ ರಾಬರ್ಟ್ ಬ್ರೌನ್ ಇದನ್ನು ಹೂವಿನ ಪರಾಗದ ಕಣಗಳಲ್ಲಿ ನೋಡಿ ಮೊದಲು ಜೀವದ್ದೇ ಚಲನೆ ಅಂದುಕೊಂಡ. ಆಮೇಲೆ ಗಾಜಿನ ಪುಡಿ, ಕಲ್ಲಿನ ಪುಡಿ, ಕೊನೆಗೆ ಈಜಿಪ್ಟಿನ ಸ್ಫಿಂಕ್ಸ್ ಪ್ರತಿಮೆಯ ಒಂದು ಚೂರಿನ ಪುಡಿಯನ್ನೂ ನೀರಿಗೆ ಹಾಕಿ ನೋಡಿದ. ಅದೂ ಹಾಗೇ ನಡುಗಿತು. ಅಲ್ಲಾಡಿದ್ದೆಲ್ಲ ಜೀವ ಅಲ್ಲ ಅಂತ ಮಗಳಿಗೆ ಅವತ್ತು ಗೊತ್ತಾಯಿತು. ಹಾಗಾದರೆ ಜೀವ ಅಂದರೆ ಏನು ಅನ್ನುವ ಪ್ರಶ್ನೆಯೂ ಅವಳಿಗೆ ಅವತ್ತೇ ಹುಟ್ಟಿತು.

ಅದಾದ ಮೇಲೆ ಅವಳು ಮಿಲ್ಲರ್ ಪ್ರಯೋಗವನ್ನು ಸರಿಯಾಗಿ ಓದಿದಳು. ಶಿಕಾಗೊದಲ್ಲಿ ವಿಜ್ಞಾನಿ ಯೂರಿ ಅವರ ವಿದ್ಯಾರ್ಥಿಯಾಗಿದ್ದ ಸ್ಟ್ಯಾನ್ಲಿ ಮಿಲ್ಲರ್ ನೀರು, ಮೀಥೇನ್, ಅಮೋನಿಯಾ, ಹೈಡ್ರೋಜನ್ ಇಷ್ಟನ್ನು ಗಾಜಿನ ಬುರುಡೆಯಲ್ಲಿಟ್ಟು, ಮಿಂಚಿನ ಬದಲು ಕರೆಂಟ್ ಕಿಡಿ ಹಾರಿಸಿದ. ಬಂದದ್ದು ಅಮೈನೋ ಆಮ್ಲಗಳು, ನಮ್ಮ ಮೈಯ ಪ್ರೋಟೀನ್ ಕಟ್ಟುವ ತುಂಡುಗಳು. ಜೀವ ಬರಲಿಲ್ಲ, ಬಂತು ಅಂತ ಅವನೂ ಹೇಳಲಿಲ್ಲ. ಆಗಿನ ಭೂಮಿಯ ಗಾಳಿ ಅವನು ಅಂದುಕೊಂಡ ಹಾಗೆ ಇರಲಿಲ್ಲ ಅಂತ ಆಮೇಲೆ ತುಂಬಾ ಜನ ವಿಜ್ಞಾನಿಗಳು ಹೇಳಿದರು. ಆದರೆ ತುಂಡುಗಳು ಸಿಗುವುದು ಕಷ್ಟ ಅಲ್ಲ ಅನ್ನುವುದು ಮಾತ್ರ ಗಟ್ಟಿಯಾಗುತ್ತಲೇ ಹೋಯಿತು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕೆಯಲ್ಲಿ ಅಮೈನೋ ಆಮ್ಲ ಸಿಕ್ಕಿತು. 2023ರಲ್ಲಿ ಬೆನ್ನು ಅನ್ನುವ ಕ್ಷುದ್ರಗ್ರಹದಿಂದ ನಾಸಾ ತಂದ ಮಣ್ಣಿನಲ್ಲಿ, ಜೀವಿಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಇವೆ, ಜೀವಿಗಳ ಗುಣಗಳ ಬರಹ ಹೊತ್ತಿರುವ ಡಿಎನ್‌ಎ, ಆರ್‌ಎನ್‌ಎ ಅಣುಗಳ ಅಕ್ಷರಗಳಂತಿರುವ ಐದು ಬೇಸ್‌ಗಳೂ ಇವೆ ಅಂತ 2025ರ ಜನವರಿಯಲ್ಲಿ ಹೇಳಿದರು. ಯಾರೂ ಇಲ್ಲದ ಕಲ್ಲಿನಲ್ಲಿ ಇಷ್ಟು!

ಮಾವ ಇದಕ್ಕೆ ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. "ಇಟ್ಟಿಗೆ ರಾಶಿ ಇದ್ದ ಮಾತ್ರಕ್ಕೆ ಮನೆ ಆಗುತ್ತಾ? ಮೇಸ್ತ್ರಿ ಬೇಡ್ವಾ?" ಇದು ಇಡೀ ವಾದದ ಅತಿ ಗಟ್ಟಿ ಪ್ರಶ್ನೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ನಾವು ಕೊಟ್ಟ ಉತ್ತರ: ಇಟ್ಟಿಗೆ ತನ್ನ ಹಾಗೆ ಇನ್ನೊಂದು ಇಟ್ಟಿಗೆ ಮಾಡುವುದಿಲ್ಲ, ಆರ್‌ಎನ್‌ಎ ನಕಲಾಗುವ ವಸ್ತು. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಸ್ಪೀಗಲ್‌ಮನ್ ಒಂದು ವೈರಸ್‌ನ ಆರ್‌ಎನ್‌ಎಯನ್ನು ಗಾಜಿನ ಕೊಳವೆಯಲ್ಲಿ ಮತ್ತೆ ಮತ್ತೆ ನಕಲು ಆಗಲು ಬಿಟ್ಟ. 74 ಸುತ್ತು ಆಗುವಷ್ಟರಲ್ಲಿ ಅದರ ಉದ್ದದಲ್ಲಿ ನೂರಕ್ಕೆ 83 ಭಾಗ ಕಳಚಿಹೋಗಿತ್ತು, ಯಾಕೆಂದರೆ ಚಿಕ್ಕದು ಬೇಗ ನಕಲಾಗುತ್ತದೆ, ಬೇಗ ಆದದ್ದೇ ಉಳಿಯುತ್ತದೆ. ಯಾರೂ ಆರಿಸಲಿಲ್ಲ, ಆದರೂ ಆಯ್ಕೆ ನಡೆಯಿತು. ಆರ್‌ಎನ್‌ಎ ಕೆಲವೊಮ್ಮೆ ಕಿಣ್ವದ, ಅಂದರೆ ರಾಸಾಯನಿಕ ಕ್ರಿಯೆಯನ್ನು ಬೇಗ ನಡೆಸುವ ವಸ್ತುವಿನ, ಕೆಲಸವನ್ನೂ ತಾನೇ ಮಾಡುತ್ತದೆ ಅಂತ ತೋರಿಸಿದ್ದಕ್ಕೆ ಚೆಕ್ ಮತ್ತು ಆಲ್ಟ್‌ಮನ್ 1989ರ ನೊಬೆಲ್ ಪಡೆದರು. ಮಾವ ಬಿಡಲಿಲ್ಲ: "ಆ ಕೊಳವೆಗೆ ನಕಲು ಮಾಡುವ ಕಿಣ್ವ ಹಾಕಿದ್ದು ಯಾರು?" ನಿಜ, ಸ್ಪೀಗಲ್‌ಮನ್ ಅದನ್ನು ಆ ವೈರಸ್ ತಗುಲಿದ ಬ್ಯಾಕ್ಟೀರಿಯಾದಿಂದ ತೆಗೆದು ಹಾಕಿದ್ದ. ತುಂಡುಗಳಿಂದ ಮೊದಲ ಜೀವಕೋಶದ ತನಕ ಇರುವ ದಾರಿಯನ್ನು ಇವತ್ತಿಗೂ ಯಾರೂ ಪೂರ್ತಿ ನಡೆದು ತೋರಿಸಿಲ್ಲ. ಮಗಳು ಇದನ್ನು ಒಪ್ಪಿಕೊಂಡಳು, ಒಪ್ಪಿಕೊಳ್ಳಲು ಅವಳಿಗೆ ಒಂದು ವಾರ ಬೇಕಾಯಿತು.

ಮತ್ತೆ ಮಾವನ ಪಾಶ್ಚರ್ ವಾದ? ಮೂರನೇ ಬಾಟಲಿ ಹೇಳುವುದು ಇಷ್ಟೇ: ಈಗಿನ ಜೀವಿಗಳನ್ನು ಕೊಂದು, ಹೊಸದನ್ನು ಒಳಗೆ ಬಿಡದಿದ್ದರೆ, ಹುಲ್ಲಿನ ನೀರಿನಲ್ಲಿ ಎರಡೂವರೆ ತಿಂಗಳಾದರೂ ಬ್ಯಾಕ್ಟೀರಿಯಾ ಹುಟ್ಟುವುದಿಲ್ಲ. ಅದು ಕೋಟಿಗಟ್ಟಲೆ ವರ್ಷದ ಬಗ್ಗೆ ಏನನ್ನೂ ಹೇಳುವುದಿಲ್ಲ. ಭೂಮಿಗೆ 454 ಕೋಟಿ ವರ್ಷ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಬಿಟ್ಟುಹೋದ ಗುರುತು ಸುಮಾರು 348 ಕೋಟಿ ವರ್ಷ ಹಳೆಯದು. ನಮ್ಮ ಲಾಲ್‌ಬಾಗಿನ ಬಂಡೆಯೇ 300 ಕೋಟಿ ವರ್ಷದ್ದು. ಮಾವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದರ ಮೇಲೆ ಕೂತು ಕಡಲೇಕಾಯಿ ತಿಂದದ್ದನ್ನು ಹೇಳುತ್ತಿರುತ್ತಾರೆ, ಆ ಬಂಡೆ ಹುಟ್ಟುವ ಹೊತ್ತಿಗೆ ಜೀವ ಆಗಲೇ ಇತ್ತು ಅಂದಾಗ ಅವರು ನಿಜವಾಗಿ ಬೆರಗಾದರು. ಮೊದಲ ಜೀವ ಬರುವ ಮುಂಚೆ ಗಾಳಿಯಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇರಲಿಲ್ಲ. ಹೊಸದಾಗಿ ಕೂಡಿದ್ದನ್ನು ತಿಂದುಹಾಕಲು ಬೇರೆ ಜೀವಿಯೂ ಇರಲಿಲ್ಲ. 1871ರಲ್ಲಿ ಡಾರ್ವಿನ್ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿ ಇದೇ ಇದೆ: ಬೆಚ್ಚಗಿನ ಪುಟ್ಟ ಹೊಂಡದಲ್ಲಿ ಇವತ್ತು ಅಂಥದ್ದೇನಾದರೂ ಕೂಡಿಕೊಂಡರೆ ತಕ್ಷಣ ಯಾವುದೋ ಜೀವಿ ತಿಂದುಬಿಡುತ್ತದೆ, ಆಗ ಹಾಗಾಗುತ್ತಿರಲಿಲ್ಲ ಅಂತ.

ನನ್ನ ನಿಲುವು ಹೇಳಿಬಿಡುತ್ತೇನೆ. ಮೊದಲ ಜೀವ ಪ್ರಕೃತಿಯ ನಿಯಮದೊಳಗೇ ಬಂತು ಅಂತ ನನಗೆ ಅನ್ನಿಸುತ್ತದೆ. ಪೂರ್ತಿ ಉತ್ತರ ಸಿಕ್ಕಿದೆ ಅಂತಲ್ಲ, ಈ ದಾರಿ ಹಿಡಿದರೆ ನಾಳೆ ಬೆಳಿಗ್ಗೆ ಮಾಡುವುದಕ್ಕೆ ಏನಾದರೂ ಇರುತ್ತದೆ. ಎರಡನೇ ಬಾಟಲಿ ಮಸುಕಾದ ದಿನ, ಇದು ಪವಾಡ ಅಂದುಕೊಂಡು ಬಾಟಲಿ ಚೆಲ್ಲಿದ್ದರೆ ಕುದಿಯುವ ನೀರಿನಲ್ಲೂ ಬದುಕುವ ಬೀಜದ ಬಗ್ಗೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ? ಆಪರೇಷನ್ ಥಿಯೇಟರ್‌ನ ಸಾಮಾನನ್ನು ಸುಮ್ನೆ ಕುದಿಸದೆ ಒತ್ತಡದ ಹಬೆಯಲ್ಲಿ ಇಡುವುದು ಅದೇ ಬೀಜದ ಕಾರಣಕ್ಕೆ. ವಿಜ್ಞಾನಕ್ಕೆ ಗೊತ್ತಿಲ್ಲದ ಜಾಗದಲ್ಲೆಲ್ಲ ದೇವರನ್ನು ಕೂರಿಸಿದರೆ, ಗೊತ್ತಾದಾಗಲೆಲ್ಲ ದೇವರನ್ನು ಎಬ್ಬಿಸಬೇಕಾಗುತ್ತದೆ. ಇದು ಭಕ್ತರಿಗೂ ಒಳ್ಳೆಯದಲ್ಲ ಅಂತ ನಾನು ಮಾವನಿಗೆ ನೇರವಾಗಿಯೇ ಹೇಳಿದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಬಾಟಲಿ ಕದಡಿದ್ರೆ ನನ್ನ ದೇವರು ಸೋಲಲ್ಲ, ಕದಡದಿದ್ರೆ ಗೆಲ್ಲೋದೂ ಇಲ್ಲ. ಆ ನಿಯಮ ಯಾಕಿದೆ ಅನ್ನೋದು ನನ್ನ ಪ್ರಶ್ನೆ, ಅದು ಹೇಗೆ ನಡೆಯುತ್ತೆ ಅನ್ನೋದು ಪುಟ್ಟಿ ಪ್ರಶ್ನೆ" ಅಂದರು. ಪಾಶ್ಚರ್ ವಿಡಿಯೊವನ್ನು ಅವರೀಗ ಯಾರಿಗೂ ಕಳಿಸುವುದಿಲ್ಲ. ಮಗಳೂ ಲ್ಯಾಬ್‌ನಲ್ಲಿ ಜೀವ ಮಾಡಿದ್ದಾರೆ ಅನ್ನುವುದನ್ನು ಬಿಟ್ಟಿದ್ದಾಳೆ. ವಾದ ನಿಂತಿಲ್ಲ, ಈಗ ಚೆನ್ನಾಗಿ ನಡೆಯುತ್ತಿದೆ.

ತಗೊಳ್ಳಬೇಕಾ ಅಂತ ಕೇಳಿದರೆ: ಎಂಟನೇ ಕ್ಲಾಸಿನಿಂದ ಮೇಲಿನ ಮಕ್ಕಳಿದ್ದರೆ, ಜೊತೆಗೆ ಕೂರುವ ದೊಡ್ಡವರೂ ಇದ್ದರೆ, ಖಂಡಿತ ತಗೊಳ್ಳಿ. ತುಂಬಾ ಚಿಕ್ಕ ಮಕ್ಕಳಿಗೆ ಬೇಡ, ಅವರಿಗೆ ಒಳ್ಳೆಯ ಭೂತಗನ್ನಡಿ ಸಾಕು. ಖಾಲಿ ಸ್ಲೈಡ್ ಮತ್ತು ಕವರ್ ಸ್ಲಿಪ್ ಜಾಸ್ತಿ ತರಿಸಿಕೊಳ್ಳಿ, ಜೊತೆಗೆ ಒಂದು ಡ್ರಾಪರ್. ಮೊಬೈಲ್ ಸಿಕ್ಕಿಸುವ ಹಿಡಿಕೆಗೆ ನಾನು ಬೇರೆ ದುಡ್ಡು ಕೊಟ್ಟೆ, ಅದು ಬೇಕೇ ಬೇಕು. ನಾಲ್ಕು ಜನ ಒಂದೇ ಐಪೀಸಿಗೆ ಕಾಯುವುದು ತಪ್ಪುತ್ತದೆ, ಕಣ್ಣು ಮಂಜಾದ ಹಿರಿಯರಿಗೂ ಪರದೆಯ ಮೇಲೆ ಕಾಣುತ್ತದೆ. ಕುಕ್ಕರ್ ಪ್ರಯೋಗ ದೊಡ್ಡವರೇ ಮಾಡಿ. ಬಾಟಲಿಗೆ ಮುಚ್ಚಳ ಬಿಗಿಯಬೇಡಿ, ಹತ್ತಿ ಮಾತ್ರ. ಪ್ರೆಷರ್ ಪೂರ್ತಿ ಇಳಿದ ಮೇಲೇ ತೆಗೆಯಿರಿ. ಮಸುಕಾದ ನೀರನ್ನು ಬ್ಲೀಚಿಂಗ್ ಪೌಡರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಚೆಲ್ಲಿ, ಕೈ ತೊಳೆದುಕೊಳ್ಳಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಜಾರುವ ತಿರುಪಿಗೆ ಮತ್ತೆ ಉತ್ತರ ಬಾರದ ಎರಡು ಮೆಸೇಜಿಗೆ.

ಮೂರನೇ ಬಾಟಲಿ ಇನ್ನೂ ಅಡುಗೆಮನೆ ಕಿಟಕಿಯಲ್ಲಿದೆ, ಇವತ್ತಿಗೆ 81 ದಿನ. ಮಗಳಿಗೆ ಹತ್ತಿ ತೆಗೆದು, ಎಷ್ಟು ದಿನಕ್ಕೆ ಮಸುಕಾಗುತ್ತೆ ಅಂತ ನೋಡುವ ಆಸೆ. ನೂರು ದಿನ ತುಂಬಲಿ ಅಂತ ಮಾವ ತಡೆದಿದ್ದಾರೆ. ಬೆಳಿಗ್ಗೆ ಪೂಜೆಗೆ ಹೂ ಕಿತ್ತು ತಂದು ಒಳಗೆ ಹೋಗುವಾಗ ದಿನಾ ಒಂದು ಸಲ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್ಲಿನಿಂದ ‘ತಿಳಿ’ ಅಂತ ಬರೆಯುತ್ತಾರೆ.